ಊರಿನ ಗ್ರಂಥಾಲಯಕ್ಕೆ ವೆಬ್‌ಸೈಟ್: ವರ್ಡ್‌ಪ್ರೆಸ್ಸೋ, ಡ್ರೂಪಲ್ಲೋ?

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರದ ಒಂದು ಊರಿನ ಗ್ರಂಥಾಲಯ ಮತ್ತು ಕಲಾಸಂಘ. ಹಿಂದೆ ಒಂದು ವೆಬ್‌ಸೈಟ್ ಇತ್ತು. ಮಾಡಿಕೊಟ್ಟ ಹುಡುಗ ದುಬೈಗೆ ಹೋದ ಮೇಲೆ ನೋಡಿಕೊಳ್ಳುವವರಿಲ್ಲದೆ ನಿಂತುಹೋಯಿತು. ಈಗ ಹೊಸದಾಗಿ ಮಾಡಬೇಕು. ಕಾರ್ಯಕ್ರಮಗಳ ಸುದ್ದಿ, ತಾಳಮದ್ದಳೆಯ ಫೋಟೊ, ಹಳೆಯ ಸ್ಮರಣ ಸಂಚಿಕೆಗಳು, ಕೈಬರಹದ ಪತ್ರಿಕೆ, ಪುಸ್ತಕಗಳ ಪಟ್ಟಿ ಎಲ್ಲ ಹಾಕುವ ಆಸೆ. ಕನ್ನಡ ಮುಖ್ಯ, ಮಲಯಾಳವೂ ಬೇಕು, ಸ್ವಲ್ಪ ತುಳು. ಸದಸ್ಯರೊಬ್ಬರ ಮಗ ಡ್ರೂಪಲ್ ಒಳ್ಳೆಯದು ಅನ್ನುತ್ತಾನೆ. ಶಾಲೆಯ ಟೀಚರ್ ವರ್ಡ್‌ಪ್ರೆಸ್ ಸಾಕು ಅನ್ನುತ್ತಾರೆ. ಒಂದು ಕಂಪೆನಿಯವರು ತಮ್ಮದೇ ಸಿಎಂಎಸ್ (ಸೈಟ್ ನಡೆಸುವ ಸಾಫ್ಟ್‌ವೇರ್) ಇದೆ, ಅದನ್ನೇ ಹಾಕಿಕೊಡುತ್ತೇವೆ ಅನ್ನುತ್ತಾರೆ. ಓಪನ್ ಸೋರ್ಸ್ ಅಂದರೆ ಪೂರ್ತಿ ಉಚಿತವೇ? ನಾವು ಯಾವುದನ್ನು ಆರಿಸಬೇಕು? ಸಂಘದ ಹೆಸರನ್ನು ತುಳು ಲಿಪಿಯಲ್ಲಿ ಹಾಕಬಹುದೇ?
– ಕಾರ್ಯದರ್ಶಿ

ಉತ್ತರ: ಕಾರ್ಯದರ್ಶಿಗಳೇ, ಟೀಚರ್ ಹೇಳಿದ್ದೇ ಸರಿ. ನಿಮಗೆ ವರ್ಡ್‌ಪ್ರೆಸ್ ಸಾಕು. ಆದರೆ ಅದು ಎಲ್ಲಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ದುಬೈಗೆ ಹೋದ ಹುಡುಗ. ನಮ್ಮ ಜಿಲ್ಲೆಯಲ್ಲಿ ಇದು ಹೊಸತೇನಲ್ಲ. ಕಂಪ್ಯೂಟರ್ ಬಲ್ಲ ಹುಡುಗರು ಇವತ್ತು ಊರಲ್ಲಿ ಇರುತ್ತಾರೆ, ನಾಳೆ ಮಂಗಳೂರು, ಬೆಂಗಳೂರು, ಗಲ್ಫ್. ಹಾಗಾಗಿ ಸಿಎಂಎಸ್ ಆರಿಸುವಾಗ ಮೊದಲು ಕೇಳಬೇಕಾದ್ದು ಒಂದೇ: ಈಗ ಮಾಡಿಕೊಡುವವರು ಹೋದ ಮೇಲೆ ಇದನ್ನು ಯಾರು ನೋಡಿಕೊಳ್ಳುತ್ತಾರೆ? ಬದಿಯಡ್ಕ, ಕುಂಬಳೆ, ಕಾಸರಗೋಡು ಪೇಟೆಯೊಳಗೆ ಇನ್ನೊಬ್ಬರು ಸಿಗುತ್ತಾರಾ? ಈ ಲೆಕ್ಕದಲ್ಲಿ ವರ್ಡ್‌ಪ್ರೆಸ್ ಗೆಲ್ಲುತ್ತದೆ. ಜಗತ್ತಿನ ವೆಬ್‌ಸೈಟುಗಳಲ್ಲಿ ಹತ್ತಕ್ಕೆ ನಾಲ್ಕಕ್ಕಿಂತ ಜಾಸ್ತಿ ಅದರಲ್ಲೇ ನಡೆಯುತ್ತಿವೆ. ಅದನ್ನು ಬಲ್ಲವರು ಎಲ್ಲ ಕಡೆ ಇದ್ದಾರೆ.

ಗೊತ್ತಿಲ್ಲದ ಸದಸ್ಯರಿಗೆ ಓದಿ ಹೇಳಲು ಅನುಕೂಲವಾಗಲಿ ಅಂತ ಎರಡು ಮಾತು. ಸಿಎಂಎಸ್ ಅಂದರೆ ಕೋಡ್ ಬರೆಯದೆ, ಲಾಗಿನ್ ಆಗಿ, ಬರಹ ಮತ್ತು ಫೋಟೊ ಹಾಕಿ ಪ್ರಕಟಿಸಲು ಬರುವ ವ್ಯವಸ್ಥೆ. ವರ್ಡ್‌ಪ್ರೆಸ್, ಡ್ರೂಪಲ್ ಎರಡೂ ಅಂಥವೇ. ಓಪನ್ ಸೋರ್ಸ್ ಅಂದರೆ ಆ ಸಾಫ್ಟ್‌ವೇರಿನ ಮೂಲ ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಾಗಿಲ್ಲ. ಉಳಿದದ್ದಕ್ಕೆಲ್ಲ ಕೊಡಬೇಕು: ಡೊಮೈನ್ ಹೆಸರಿಗೆ (ಸೈಟಿನ ವಿಳಾಸ) ವರ್ಷಕ್ಕೊಮ್ಮೆ, ಹೋಸ್ಟಿಂಗಿಗೆ (ಸೈಟ್ ಇಡುವ ಸರ್ವರಿನ ಜಾಗ) ವರ್ಷಕ್ಕೊಮ್ಮೆ, ಮಾಡಿಕೊಟ್ಟವರ ಕೆಲಸಕ್ಕೆ ಒಮ್ಮೆ. ಮಹಾಸಭೆಯಲ್ಲಿ ಬಜೆಟ್ ಮಂಡಿಸುವಾಗ ಈ ಎರಡು ವಾರ್ಷಿಕ ಖರ್ಚುಗಳನ್ನು ಪತ್ರಿಕೆಯ ಚಂದಾದ ಸಾಲಿನಲ್ಲೇ ಸೇರಿಸಿಬಿಡಿ. ನೆನಪಿಸಿಕೊಂಡು ಕಟ್ಟೋಣ ಅಂದುಕೊಂಡರೆ ಒಂದು ವರ್ಷ ಮರೆತೇ ಹೋಗುತ್ತದೆ.

ಇನ್ನೊಂದು ಗೊಂದಲ ಬಹಳ ಜನರಿಗೆ ಇದೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಬೇರೆ, ವರ್ಡ್‌ಪ್ರೆಸ್ ಡಾಟ್ ಆರ್ಗ್ ಬೇರೆ. ಮೊದಲನೆಯದು ಒಂದು ಕಂಪೆನಿ ನಡೆಸುವ ಸೇವೆ. ಅಲ್ಲಿ ಖಾತೆ ತೆರೆದರೆ ಅವರ ಯೋಜನೆಗಳ ಮಿತಿಯೊಳಗೆ ಇರಬೇಕು. ಎರಡನೆಯದರಿಂದ ಸಾಫ್ಟ್‌ವೇರ್ ಇಳಿಸಿಕೊಂಡು ನಿಮ್ಮದೇ ಹೋಸ್ಟಿಂಗಿನಲ್ಲಿ ಹಾಕಿಕೊಳ್ಳಬಹುದು. ನಾನು ಹೇಳುತ್ತಿರುವುದು ಇದನ್ನು.

ಕಂಪೆನಿಯವರ ‘ನಮ್ಮದೇ ಸಿಎಂಎಸ್’ ವಿಷಯ. ಅವರು ಮೋಸಗಾರರು ಅಂತ ನಾನು ಹೇಳುವುದಿಲ್ಲ, ಕೆಲಸ ಚೆನ್ನಾಗಿಯೇ ಇರಬಹುದು. ಆದರೆ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ನಾಳೆ ನಾವು ಬಿಟ್ಟುಹೋಗುವುದಾದರೆ ಬರಹ, ಫೋಟೊ, ಡೇಟಾಬೇಸ್ ಎಲ್ಲವನ್ನೂ ಬೇರೆ ಕಡೆ ತೆರೆಯಲು ಬರುವ ಹಾಗೆ ಕೊಡುತ್ತೀರಾ? ನೀವು ಅಂಗಡಿ ಮುಚ್ಚಿದರೆ ಈ ಸಾಫ್ಟ್‌ವೇರನ್ನು ಬೇರೆಯವರು ನಡೆಸಬಹುದಾ? ಎರಡನೆಯದಕ್ಕೆ ‘ಇಲ್ಲ’ ಅಂತ ಬಂದರೆ ನೀವು ಮತ್ತೆ ಒಬ್ಬನೇ ಹುಡುಗನ ಕೈಯಲ್ಲಿ ಸಿಕ್ಕಿಕೊಂಡಂತೆ. ಈ ಸಲ ಹುಡುಗನ ಬದಲು ಕಂಪೆನಿ, ಅಷ್ಟೇ ವ್ಯತ್ಯಾಸ.

ಲೈಸೆನ್ಸನ್ನೂ ಒಮ್ಮೆ ನೋಡಬೇಕು. ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ (ಇದೂ ಒಂದು ಸಿಎಂಎಸ್) ಮೂರೂ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿನವು. ಒಮ್ಮೆ ಹೊರಗೆ ಬಂದ ಕೋಡನ್ನು ಯಾರೂ ವಾಪಸ್ ಕಿತ್ತುಕೊಳ್ಳಲು ಬರುವುದಿಲ್ಲ. ಅಕ್ಟೋಬರ್ ಸಿಎಂಎಸ್ ಅಂತ ಒಂದು ಇದೆ. ಮೊದಲು ಎಂಐಟಿ ಲೈಸೆನ್ಸಿನಲ್ಲಿ ಮುಕ್ತವಾಗಿತ್ತು, 2021ರಲ್ಲಿ ದುಡ್ಡು ಕೊಟ್ಟು ಲೈಸೆನ್ಸ್ ಕೊಳ್ಳುವ ಪದ್ಧತಿಗೆ ಹೋಯಿತು. ಆಗ ಅದರಲ್ಲಿ ಕೆಲಸ ಮಾಡುತ್ತಿದ್ದ ಕೆಲವರು ಹಳೆಯ ಮುಕ್ತ ಕೋಡನ್ನೇ ತೆಗೆದುಕೊಂಡು ವಿಂಟರ್ ಸಿಎಂಎಸ್ ಅಂತ ಮುಂದುವರಿಸಿದರು. ವರ್ಡ್‌ಪ್ರೆಸ್ ಹುಟ್ಟಿದ್ದೂ ಹೀಗೇ. ಬಿ2 ಅನ್ನುವ ಹಳೆಯ ಸಾಫ್ಟ್‌ವೇರಿನ ಬೆಳವಣಿಗೆ ನಿಂತಾಗ ಅದರ ಕೋಡನ್ನೇ ಎತ್ತಿಕೊಂಡು ಮ್ಯಾಟ್ ಮುಲ್ಲೆನ್ವೆಗ್ ಮತ್ತು ಮೈಕ್ ಲಿಟ್ಲ್ 2003ರಲ್ಲಿ ವರ್ಡ್‌ಪ್ರೆಸ್ ಹೊರತಂದರು. ಮುಕ್ತ ಲೈಸೆನ್ಸಿನ ಉಪಯೋಗ ಇಲ್ಲಿ ಕಾಣುತ್ತದೆ. ಮೂಲದವರು ಕೈಬಿಟ್ಟರೂ ಬೇರೆಯವರು ಎತ್ತಿಕೊಳ್ಳಲು ದಾರಿ ಇರುತ್ತದೆ.

ಹಾಗಂತ ವರ್ಡ್‌ಪ್ರೆಸ್ ಲೋಕದಲ್ಲಿ ಜಗಳವೇ ಇಲ್ಲ ಅಂದುಕೊಳ್ಳಬೇಡಿ. 2024ರಲ್ಲಿ ಮುಲ್ಲೆನ್ವೆಗ್ ಅವರಿಗೂ ಡಬ್ಲ್ಯೂಪಿ ಎಂಜಿನ್ ಅನ್ನುವ ಹೋಸ್ಟಿಂಗ್ ಕಂಪೆನಿಗೂ ದೊಡ್ಡ ಗುದ್ದಾಟವೇ ನಡೆಯಿತು. ವಿಷಯ ಕೋರ್ಟಿಗೂ ಹೋಯಿತು. ನಿಮ್ಮಂಥ ಸಣ್ಣ ಸೈಟಿಗೆ ಅದರ ಬಿಸಿ ತಟ್ಟುವುದಿಲ್ಲ. ಟೀಚರ್ ಅದನ್ನು ಓದಿ ಗಾಬರಿಯಾಗಿದ್ದರೆ ಧೈರ್ಯ ಹೇಳಿ.

ಇನ್ನು ಡ್ರೂಪಲ್. ಸದಸ್ಯರ ಮಗ ಹೇಳಿದ್ದರಲ್ಲಿ ಹುರುಳಿಲ್ಲ ಅಂತೇನಲ್ಲ. 2001ರಲ್ಲಿ ಡ್ರೀಸ್ ಬೈಟಾರ್ಟ್ ಹೊರತಂದ ಡ್ರೂಪಲ್ ಗಟ್ಟಿ ವ್ಯವಸ್ಥೆ. ಬಹುಭಾಷೆ ಅದರ ಒಳಗೇ ಇದೆ, ಪ್ಲಗಿನ್ (ಹೊರಗಿನಿಂದ ಸೇರಿಸುವ ಹೆಚ್ಚುವರಿ ಭಾಗ) ಬೇಕಾಗಿಲ್ಲ. ಯಾರು ಏನು ತಿದ್ದಬಹುದು ಅನ್ನುವುದನ್ನು ಬಹಳ ಸೂಕ್ಷ್ಮವಾಗಿ ಹಂಚಬಹುದು. ವಿಶ್ವವಿದ್ಯಾಲಯಗಳು, ಸರ್ಕಾರಿ ಇಲಾಖೆಗಳು ಅದನ್ನು ಬಳಸುವುದು ಅದಕ್ಕೇ. ನಿಮಗೆ ಅದನ್ನು ಹಾಕುವುದು ಎರಡು ಗೋಣಿ ಅಡಿಕೆ ಒಣಗಿಸಲು ಎಕರೆಯಗಲದ ಅಂಗಳ ಮಾಡಿದ ಹಾಗೆ. ಅಂಗಳ ಮಾಡುವುದಲ್ಲ ಕಷ್ಟ, ವರ್ಷ ವರ್ಷ ಸಾರಿಸುವುದು.

ಒಂದು ಉದಾಹರಣೆ ಕೊಡುತ್ತೇನೆ. ಡ್ರೂಪಲ್ 7 ಬಂದದ್ದು 2011ರಲ್ಲಿ. 2015ರಲ್ಲಿ ಬಂದ ಡ್ರೂಪಲ್ 8 ಒಳಗಿನಿಂದ ಎಷ್ಟು ಬದಲಾಗಿತ್ತು ಅಂದರೆ, 7ರಿಂದ ಅಲ್ಲಿಗೆ ಹೋಗುವುದು ಹೆಚ್ಚುಕಡಿಮೆ ಹೊಸ ಸೈಟ್ ಕಟ್ಟಿದಂತೆಯೇ. ಎಷ್ಟೋ ಸಂಸ್ಥೆಗಳು ಅದಕ್ಕೆ ದುಡ್ಡಿಲ್ಲದೆ 7ರಲ್ಲೇ ಉಳಿದವು. ಕೊನೆಗೆ 2025ರ ಜನವರಿ 5ಕ್ಕೆ ಅದರ ಅಧಿಕೃತ ಬೆಂಬಲವೂ ಮುಗಿಯಿತು. ಡ್ರೂಪಲ್ 8ರ ನಂತರದ ಆವೃತ್ತಿಗಳಲ್ಲಿ ಮುಂದಕ್ಕೆ ಹೋಗುವುದು ತುಂಬಾ ಸುಲಭವಾಗಿದೆ, ಅದನ್ನು ಒಪ್ಪಿಕೊಳ್ಳಬೇಕು. ಆದರೂ ಕಮಾಂಡ್ ಲೈನ್ (ಆದೇಶಗಳನ್ನು ಟೈಪ್ ಮಾಡಿ ಕೆಲಸ ಮಾಡಿಸುವ ರೀತಿ) ಗೊತ್ತಿರುವ ಒಬ್ಬರು ಬೇಕೇ ಬೇಕು. ಆ ಮಗ ಹತ್ತು ವರ್ಷ ಊರಲ್ಲೇ ಇರುತ್ತೇನೆ ಅಂತ ಬರೆದುಕೊಟ್ಟರೆ ಡ್ರೂಪಲ್ ಹಾಕಿ!

ಜೂಮ್ಲಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2005ರಲ್ಲಿ ಮಾಂಬೊ ಅನ್ನುವ ಹಳೆಯ ಸಿಎಂಎಸ್ಸಿನಿಂದ ಒಡೆದು ಬಂದದ್ದು. ಬಹುಭಾಷೆಯ ಸೌಕರ್ಯ ಅದರಲ್ಲೂ ಒಳಗೇ ಇದೆ. ಒಂದು ಕಾಲದಲ್ಲಿ ನಮ್ಮ ಕಡೆ ಕಾಲೇಜುಗಳ ಸೈಟಿಗೆ ತುಂಬಾ ಓಡಿತು. ಈಗ ಕಲಿಯುವ ಹುಡುಗರು ಕಡಿಮೆ.

ಹ್ಯೂಗೊ, ಜೆಕಿಲ್ ಥರದ ಸ್ಟ್ಯಾಟಿಕ್ ಸೈಟ್ ಜನರೇಟರುಗಳು ನನಗೆ ಸ್ವಂತಕ್ಕೆ ಇಷ್ಟ. ಅದರಲ್ಲಿ ಡೇಟಾಬೇಸೇ ಇಲ್ಲ. ಪುಟಗಳು ಮೊದಲೇ ಸಿದ್ಧವಾಗಿ ಕೂತಿರುತ್ತವೆ, ಹಾಗಾಗಿ ಕದಿಯಲು, ಕೆಡಿಸಲು ಸಿಗುವುದು ಕಮ್ಮಿ. ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟರೆ ಹೋಸ್ಟಿಂಗ್ ಖರ್ಚೂ ಇಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ ಇದ್ದರೂ ಪುಟ ತೆರೆದುಕೊಳ್ಳುತ್ತದೆ. ತೊಂದರೆ ಒಂದೇ: ಬರಹ ಹಾಕುವವರಿಗೆ ಗಿಟ್ (ಫೈಲುಗಳ ಬದಲಾವಣೆ ದಾಖಲಿಸುವ ಸಾಧನ), ಮಾರ್ಕ್‌ಡೌನ್ (ಬರಹದ ವಿನ್ಯಾಸವನ್ನು ಚಿಹ್ನೆಗಳಲ್ಲಿ ಗುರುತಿಸುವ ರೀತಿ) ಗೊತ್ತಿರಬೇಕು. ತಾಳಮದ್ದಳೆ ಮುಗಿದು ರಾತ್ರಿ ಮನೆಗೆ ಬಂದ ಜೊತೆಕಾರ್ಯದರ್ಶಿ ಮೊಬೈಲಿನಲ್ಲಿ ನಾಲ್ಕು ಫೋಟೊ, ಐದು ಸಾಲು ಹಾಕಿ ಮಲಗಬೇಕು, ಅಲ್ವಾ? ಅದಕ್ಕೆ ಇದು ಆಗುವುದಿಲ್ಲ.

ಮೀಡಿಯಾವಿಕಿಯನ್ನು ಮಾತ್ರ ಸ್ವಲ್ಪ ಯೋಚಿಸಿ ಬಿಡಿ. ವಿಕಿಪೀಡಿಯ ನಡೆಯುವುದು ಅದರಲ್ಲೇ. ಕೇರಳದ ಶಾಲೆಗಳ ಸ್ಕೂಲ್‌ವಿಕಿ ಕೂಡ ಅದೇ. ಹಾಗಾಗಿ ನಿಮ್ಮ ಶಾಲೆಯ ಟೀಚರುಗಳಲ್ಲಿ ಅದರಲ್ಲಿ ಪುಟ ತಿದ್ದಿ ಅಭ್ಯಾಸ ಇರುವವರು ಖಂಡಿತ ಸಿಗುತ್ತಾರೆ. ಊರಿನ ಸ್ಥಳನಾಮಗಳು, ಹಳೆಯ ಕಲಾವಿದರು, ದೈವಸ್ಥಾನಗಳು ಅಂತ ಹತ್ತಾರು ಜನ ಸೇರಿ ಮಾಹಿತಿ ಕೂಡಿಸುವ ಕೆಲಸವಾದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಕಾರ್ಯಕ್ರಮದ ಸುದ್ದಿಗೆ, ಫೋಟೊಗೆ ಅದು ಹೊಂದುವುದಿಲ್ಲ. ಮುಂದೆ ಅಂಥ ಯೋಜನೆ ಬಂದರೆ ನೆನಪಿಟ್ಟುಕೊಳ್ಳಿ.

ಈಗ ಭಾಷೆಯ ವಿಷಯಕ್ಕೆ ಬರೋಣ. ನಿಜವಾದ ತಲೆನೋವು ಇರುವುದು ಇಲ್ಲಿ. ಸಾಫ್ಟ್‌ವೇರ್ ಮಾರುವವರು ಇದನ್ನು ಹೇಳುವುದೂ ಇಲ್ಲ.

ಮೊದಲನೆಯದು ಹಳೆಯ ಫೈಲುಗಳು. ನಿಮ್ಮ ಸ್ಮರಣ ಸಂಚಿಕೆಗಳನ್ನು ಡಿಟಿಪಿ ಮಾಡಿದ್ದು ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಇರಬಹುದು. ಮಲಯಾಳ ಭಾಗ ಐಎಸ್‌ಎಂನಲ್ಲಿ ಇರಬಹುದು. ಅವುಗಳಲ್ಲಿ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ, ಫಾಂಟ್ ಮಾತ್ರ ಕನ್ನಡವನ್ನು ತೋರಿಸುತ್ತದೆ. ಅದನ್ನು ಹಾಗೆಯೇ ತಂದು ಸೈಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಯುನಿಕೋಡಿಗೆ (ಎಲ್ಲ ಕಂಪ್ಯೂಟರ್, ಫೋನುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಬದಲಾಯಿಸಬೇಕು. ನುಡಿ, ಬರಹಗಳಿಗೆ ಪರಿವರ್ತಕಗಳು ಸಿಗುತ್ತವೆ. ಬದಲಾಯಿಸಿದ ಮೇಲೆ ಒಬ್ಬರು ಕೂತು ಓದಲೇಬೇಕು. ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೈಕೊಡುತ್ತವೆ. ಯಾವ ಸಿಎಂಎಸ್ ಹಾಕಿದರೂ ಈ ಕೆಲಸ ತಪ್ಪುವುದಿಲ್ಲ. ಮಾಡಿಕೊಡುವವರ ಜೊತೆ ರೇಟು ಮಾತಾಡುವಾಗ ಇದು ಯಾರ ಪಾಲಿನ ಕೆಲಸ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಎರಡನೆಯದು ಪುಟದ ವಿಳಾಸ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ವಿಳಾಸ ಮಾಡುತ್ತದೆ. ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ ಒಂಬತ್ತು ರೋಮನ್ ಚಿಹ್ನೆಗಳಾಗುತ್ತದೆ. ವರ್ಡ್‌ಪ್ರೆಸ್ ಅದಕ್ಕೆ ಇಟ್ಟ ಜಾಗ 200 ಚಿಹ್ನೆ. ಅಂದರೆ ಸುಮಾರು 22 ಸಂಕೇತ. ಕಾಗುಣಿತದ ಗುರುತು, ಒತ್ತಿನ ಹಲಂತ ಎಲ್ಲ ಬೇರೆ ಬೇರೆ ಲೆಕ್ಕ. ‘ಯಕ್ಷಗಾನ ತಾಳಮದ್ದಳೆ ಕಾರ್ಯಕ್ರಮ’ ಅಂತ ಶೀರ್ಷಿಕೆ ಕೊಟ್ಟರೆ ವಿಳಾಸ ‘ಕಾರ್ಯಕ’ದಲ್ಲೇ ಕತ್ತರಿಸಿಹೋಗುತ್ತದೆ. ಪುಟ ತೆರೆಯುತ್ತದೆ, ಅದಕ್ಕೇನೂ ತೊಂದರೆ ಇಲ್ಲ. ಆದರೆ ವಾಟ್ಸ್ಯಾಪ್ ಗುಂಪಿಗೆ ಕಳಿಸಿದಾಗ ಶೇಕಡಾ ಚಿಹ್ನೆಗಳ ಉದ್ದ ಬಾಲ ಕಾಣಬಹುದು. ಜನ ಏನೋ ವೈರಸ್ ಅಂದುಕೊಂಡು ಮುಟ್ಟುವುದಿಲ್ಲ. ಹಾಗಾಗಿ ಶೀರ್ಷಿಕೆ ಕನ್ನಡದಲ್ಲಿರಲಿ, ವಿಳಾಸವನ್ನು ಪ್ರಕಟಿಸುವ ಮುಂಚೆ ಕೈಯಾರೆ ರೋಮನ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ. ಕನ್ನಡಾಭಿಮಾನಕ್ಕೆ ಇದರಿಂದ ಕುಂದೇನೂ ಬರುವುದಿಲ್ಲ.

ಮೂರನೆಯದು ಹುಡುಕಾಟ. ವರ್ಡ್‌ಪ್ರೆಸ್‌ನ ಸ್ವಂತ ಹುಡುಕಾಟ ಸರಳ. ನೀವು ಬರೆದದ್ದು ಇದ್ದ ಹಾಗೇ ಎಲ್ಲಿದೆ ಅಂತ ನೋಡುತ್ತದೆ, ವಿಭಕ್ತಿ ಗೊತ್ತಿಲ್ಲ. ‘ಕಾಸರಗೋಡು’ ಅಂತ ಹುಡುಕಿದರೆ ‘ಕಾಸರಗೋಡಿನಲ್ಲಿ’ ಅಂತ ಮಾತ್ರ ಇರುವ ಬರಹ ಸಿಗುವುದಿಲ್ಲ. ‘ಕಾಸರಗೋಡ’ ಅಂತ ಹುಡುಕಿದರೆ ಎರಡೂ ಸಿಗುತ್ತವೆ. ಮಲಯಾಳದಲ್ಲಿ ಬೇರೆ ಥರದ ತೊಡಕು. ಅಲ್ಲಿಯ ಚಿಲ್ಲಕ್ಷರಗಳಿಗೆ (ಸ್ವರ ಸೇರದ ವ್ಯಂಜನಗಳ ಅಕ್ಷರಗಳು) ಸ್ವಂತ ಸಂಕೇತ ಸಿಕ್ಕಿದ್ದು 2008ರಲ್ಲಿ, ಯುನಿಕೋಡ್ 5.1ರಲ್ಲಿ. ಅದಕ್ಕೂ ಹಿಂದಿನ ರೀತಿಯಲ್ಲಿ ಟೈಪ್ ಮಾಡಿದ ಬರಹ ನೋಡಲು ಒಂದೇ ಥರ ಇದ್ದರೂ ಹುಡುಕುವಾಗ ಸಿಗದೇ ಹೋಗಬಹುದು. ಪರಿಹಾರ ಸುಲಭ. ಹುಡುಕಾಟವನ್ನು ನಂಬಿ ಕೂರದೆ ವರ್ಗ ಮತ್ತು ಟ್ಯಾಗ್‌ಗಳನ್ನು ಶಿಸ್ತಿನಿಂದ ಬಳಸಿ: ವರ್ಷ, ಕಲಾವಿದರ ಹೆಸರು, ಪ್ರಸಂಗದ ಹೆಸರು. ಒಬ್ಬ ಕಲಾವಿದರ ಹೆಸರನ್ನು ಒಂದೇ ರೀತಿ ಬರೆಯಬೇಕು. ಅದಕ್ಕೆ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರೂ ಆದೀತು.

ಕನ್ನಡ–ಮಲಯಾಳ ಜೋಡಿಗೆ ಪಾಲಿಲ್ಯಾಂಗ್ ಪ್ಲಗಿನ್ ಹಾಕಿ. ಉಚಿತ ಆವೃತ್ತಿಯೇ ಸಾಕು. ಒಂದು ಪುಟದ ಕನ್ನಡ ರೂಪವನ್ನೂ ಮಲಯಾಳ ರೂಪವನ್ನೂ ಅದು ಜೋಡಿಸಿಡುತ್ತದೆ. ಆದರೆ ಎಲ್ಲವನ್ನೂ ಎರಡು ಭಾಷೆಯಲ್ಲಿ ಹಾಕುತ್ತೇವೆ ಅಂತ ಹಟ ಬೇಡ ಮಾರಾಯ್ರೆ. ಮೊದಲ ತಿಂಗಳು ಉತ್ಸಾಹ ಇರುತ್ತದೆ, ಆಮೇಲೆ ಮಲಯಾಳ ವಿಭಾಗ ಹಳೆಯ ಓಣಂ ಕಾರ್ಯಕ್ರಮದಲ್ಲೇ ನಿಂತಿರುತ್ತದೆ. ಪರಿಚಯ, ಸದಸ್ಯತ್ವ, ಸಮಯ, ದಾರಿ, ಸಂಪರ್ಕ – ಇಷ್ಟು ಮಲಯಾಳದಲ್ಲಿರಲಿ. ಪಂಚಾಯತಿನವರಿಗೆ, ಲೈಬ್ರರಿ ಕೌನ್ಸಿಲಿನವರಿಗೆ ಬೇಕಾದ್ದು ಅಷ್ಟೇ. ಸುದ್ದಿ ಕನ್ನಡದಲ್ಲಿ ಸಾಕು. ಯಂತ್ರಾನುವಾದದ ಪ್ಲಗಿನ್ ಮಾತ್ರ ಹಾಕಲೇಬೇಡಿ. ನಮ್ಮ ಊರುಗಳಿಗೆ ಕನ್ನಡದಲ್ಲಿ ಒಂದು ಹೆಸರು, ಮಲಯಾಳದಲ್ಲಿ ಇನ್ನೊಂದು ಉಚ್ಚಾರ. ಬೋರ್ಡಿನಲ್ಲಿ ಹೆಸರು ಹೇಗೆ ಬರೆಯಬೇಕು ಅಂತ ಇಲ್ಲಿ ಎಷ್ಟು ಮಾತಾಗಿದೆ ಅಂತ ನಿಮಗೆ ಗೊತ್ತು. ಅದನ್ನು ಯಂತ್ರದ ಕೈಗೆ ಕೊಡುವುದು ಬೇಡ.

ಹಳೆಯ ಸಂಚಿಕೆಗಳ ಸ್ಕ್ಯಾನುಗಳನ್ನು ನಿಮ್ಮ ಹೋಸ್ಟಿಂಗಿನಲ್ಲಿ ತುಂಬಬೇಡಿ. ಇಂಟರ್ನೆಟ್ ಆರ್ಕೈವ್‌ಗೆ ಏರಿಸಿ, ನಿಮ್ಮ ಪುಟದಲ್ಲಿ ಕೊಂಡಿ ಕೊಡಿ. ನಾಳೆ ಸೈಟೇ ಹೋದರೂ ಸಂಚಿಕೆ ಉಳಿಯುತ್ತದೆ. ಏರಿಸುವ ಮುಂಚೆ ಬರೆದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆಯಿರಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವರು ಇದ್ದಾಗಲೇ ಅಚ್ಚಾದ ಬರಹಗಳು 2024ರ ಜನವರಿಯಿಂದ ಎಲ್ಲರಿಗೂ ಮುಕ್ತ. ನಿಮ್ಮ ಕೈಬರಹದ ಪತ್ರಿಕೆಗೆ ಈ ಲೆಕ್ಕ ಇನ್ನೂ ಬಂದಿರಲಾರದು. ಪುಸ್ತಕಗಳ ಪಟ್ಟಿಯನ್ನೂ ಈ ಸೈಟಿನಲ್ಲಿ ತುಂಬಬೇಡಿ. ಸಾವಿರಾರು ಪುಸ್ತಕಗಳನ್ನು ವರ್ಡ್‌ಪ್ರೆಸ್ ಪುಟವಾಗಿ ಮಾಡುವುದು ಸುಮ್ನೆ ಮೈಕೈ ನೋವು. ಅದಕ್ಕೆ ಕೋಹಾ ಅನ್ನುವ ಓಪನ್ ಸೋರ್ಸ್ ಗ್ರಂಥಾಲಯ ಸಾಫ್ಟ್‌ವೇರ್ ಬೇರೆಯೇ ಇದೆ. ನ್ಯೂಜಿಲೆಂಡಿನ ಒಂದು ಊರಿನ ಗ್ರಂಥಾಲಯಕ್ಕಾಗಿ ಮಾಡಿದ್ದು, 2000ದಲ್ಲಿ ಬಳಕೆಗೆ ಬಂದದ್ದು, ಈಗ ಕೇರಳದ ಕಾಲೇಜುಗಳಲ್ಲೂ ಓಡುತ್ತಿದೆ. ಸದ್ಯಕ್ಕೆ ಪಟ್ಟಿಯನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಮಾಡಿಟ್ಟುಕೊಳ್ಳಿ, ಮುಂದೆ ಕೋಹಾಗೆ ಹಾಕಬಹುದು.

ವರ್ಡ್‌ಪ್ರೆಸ್ ಹಾಳಾಗುವುದು ಬಹುಪಾಲು ಪ್ಲಗಿನ್‌ಗಳಿಂದ. ಮೂಲ ಸಾಫ್ಟ್‌ವೇರಿನ ಸಣ್ಣ ಭದ್ರತಾ ಅಪ್‌ಡೇಟುಗಳು 2013ರಿಂದ ತಾವಾಗಿಯೇ ಆಗುತ್ತವೆ. ಪ್ಲಗಿನ್‌ಗಳನ್ನು ಯಾರಾದರೂ ನೋಡಿಕೊಳ್ಳಬೇಕು. ಐದಾರಕ್ಕಿಂತ ಜಾಸ್ತಿ ಬೇಡ: ಭಾಷೆಗೆ ಒಂದು, ಬ್ಯಾಕಪ್‌ಗೆ ಒಂದು, ಸಂಪರ್ಕದ ಫಾರ್ಮಿಗೆ ಒಂದು, ಹೀಗೆ. ಪುಟ ಕಟ್ಟುವ ಭಾರಿ ಪೇಜ್ ಬಿಲ್ಡರ್ ಬೇಡ. ವರ್ಡ್‌ಪ್ರೆಸ್ ಜೊತೆಗೇ ಬರುವ ಥೀಮ್ ಸಾಕು, ಅಕ್ಷರಕ್ಕೆ ನೋಟೊ ಫಾಂಟ್ ಹಾಕಿ. ದುಡ್ಡಿನ ಥೀಮನ್ನು ‘ಫ್ರೀಯಾಗಿ ಸಿಗುತ್ತೆ’ ಅಂತ ಯಾರಾದರೂ ಪೆನ್‌ಡ್ರೈವಿನಲ್ಲಿ ತಂದುಕೊಟ್ಟರೆ ನಯವಾಗಿ ಬೇಡ ಅನ್ನಿ. ಅಂಥದರ ಒಳಗೆ ಕಳ್ಳ ಕೋಡ್ ಇಡುವುದು ಮಾಮೂಲು.

ಅಪ್‌ಡೇಟ್ ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಡ್ರೂಪಲ್‌ನದೇ 2014ರ ಅಕ್ಟೋಬರಿನ ಕಥೆ ಇದೆ. ದೊಡ್ಡ ದೋಷವೊಂದಕ್ಕೆ ಪ್ಯಾಚ್ (ಸರಿಪಡಿಸುವ ಸಣ್ಣ ಅಪ್‌ಡೇಟ್) ಬಿಟ್ಟರು. ಏಳು ಗಂಟೆಯೊಳಗೆ ಹಾಕಿಕೊಳ್ಳದ ಸೈಟುಗಳು ಕೈತಪ್ಪಿವೆ ಅಂತಲೇ ತಿಳಿಯಿರಿ ಅಂತ ಡ್ರೂಪಲ್‌ನವರೇ ಹೇಳಬೇಕಾಯಿತು.

ಡೊಮೈನ್, ಹೋಸ್ಟಿಂಗ್ ಎರಡೂ ಸಂಘದ ಹೆಸರಲ್ಲಿ, ಸಂಘದ ಇಮೇಲಿನಲ್ಲಿ ಇರಲಿ. ಮಾಡಿಕೊಡುವವರ ಇಮೇಲ್ ಕೂಡದು. ಅಡ್ಮಿನ್ ಇಬ್ಬರಿರಲಿ. ಬರಹ ಹಾಕುವವರಿಗೆ ಸಂಪಾದಕರ ಲಾಗಿನ್ ಸಾಕು. ತಿಂಗಳಿಗೊಮ್ಮೆ ಬ್ಯಾಕಪ್ ಇಳಿಸಿ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು ಇಡಿ. ಹೊಸ ಸಮಿತಿ ಬಂದಾಗ ಮಿನಿಟ್ಸ್ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಜೊತೆಗೆ ಪಾಸ್‌ವರ್ಡುಗಳನ್ನೂ ಒಪ್ಪಿಸಿ, ಒಪ್ಪಿಸಿದ ಕೂಡಲೇ ಬದಲಾಯಿಸಿ.

ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ ನೋಡಬಹುದು. ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ಅಂತ ಇದೆ, ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರಿನಲ್ಲೇ ವರ್ಡ್‌ಪ್ರೆಸ್ ತೆರೆಯುತ್ತದೆ. ನಿಮ್ಮ ಸಮಿತಿಯಲ್ಲಿ ಕಂಪ್ಯೂಟರ್ ಬಗ್ಗೆ ಎಲ್ಲರಿಗಿಂತ ಹೆದರುವವರನ್ನು ಕೂರಿಸಿ. ಒಂದು ಸುದ್ದಿ ಬರೆದು ಒಂದು ಫೋಟೊ ಹಾಕಿ ಪ್ರಕಟಿಸಲು ಅವರಿಗೆ ಅರ್ಧ ಗಂಟೆಯಲ್ಲಿ ಬಂತು ಅಂದರೆ ಮುಂದುವರಿಯಿರಿ. ಕಂಪೆನಿಯವರ ಸಿಎಂಎಸ್‌ನಲ್ಲೂ ಅವರಿಂದಲೇ ಇದೇ ಕೆಲಸ ಮಾಡಿಸಿ ನೋಡಿ.

ಕೊನೆಗೆ ತುಳು. ಕನ್ನಡ ಲಿಪಿಯಲ್ಲಿ ತುಳು ಬರೆಯಲು ಯಾವ ತೊಂದರೆಯೂ ಇಲ್ಲ. ಪಾಲಿಲ್ಯಾಂಗ್‌ನಲ್ಲಿ ತುಳುವನ್ನು ಹೊಸ ಭಾಷೆಯಾಗಿ ಸೇರಿಸಬಹುದು, ಅದರ ಕೋಡ್ ಟಿ-ಸಿ-ವೈ. ತುಳು ಲಿಪಿಯ ಮಾತು ಬೇರೆ. ಯುನಿಕೋಡಿಗೆ ತುಳು–ತಿಗಳಾರಿ ಲಿಪಿ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ, 16ನೇ ಆವೃತ್ತಿಯಲ್ಲಿ. ಜನರ ಕೈಯಲ್ಲಿರುವ ಹೆಚ್ಚಿನ ಫೋನುಗಳಲ್ಲಿ ಅದರ ಫಾಂಟ್ ಇಲ್ಲ, ಬರೀ ಚೌಕಗಳು ಕಾಣುತ್ತವೆ. ಸದ್ಯಕ್ಕೆ ಸಂಘದ ಹೆಸರನ್ನು ಲಿಪಿ ಬಲ್ಲವರಿಂದ ಬರೆಯಿಸಿ, ಲೋಗೊ ಥರ ಚಿತ್ರವಾಗಿ ಹಾಕಿ. ಚಿತ್ರ ಹಾಕುವಾಗ ಬದಲಿ ಪಠ್ಯ ಅಂತ ಒಂದು ಜಾಗ ಕೇಳುತ್ತದೆ. ಅಲ್ಲಿ ಅದೇ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ. ಗೂಗಲ್ ಓದುವುದು ಅದನ್ನೇ.